ಯಾರ ಚಿತ್ರ, ಯಾರ ಸಂಗ್ರಹ



ಕಂಪ್ಯೂಟರಿನಲ್ಲಿ ಫೋಟೊಗಳು ಕೆಲವು ಸಾವಿರ ದಾಟಿದವೆಂದರೆ ಒಂದು ತಲೆಬಿಸಿ ಶುರುವಾಗುತ್ತದೆ. ಎಲ್ಲವನ್ನೂ ಒಂದೇ ಸಂಗ್ರಹದಲ್ಲಿ ಇಡುವುದೋ, ಬೇರೆ ಬೇರೆ ಮಾಡುವುದೋ? ಮನೆಯದು ಒಂದು, ಯಕ್ಷಗಾನದ್ದು ಒಂದು, ಸ್ಟುಡಿಯೊ ಕೆಲಸದ್ದು ಇನ್ನೊಂದು, ಹಳೆಯ ಫೋಟೊ ಸ್ಕ್ಯಾನ್ ಮಾಡಿದ್ದು ಮತ್ತೊಂದು ಅಂತ ಪಾಲು ಮಾಡುತ್ತ ಹೋದರೆ ನೋಡುವುದಕ್ಕೇನೋ ಅಚ್ಚುಕಟ್ಟು. ಆಮೇಲೆ ಒಂದು ಚಿತ್ರ ಬೇಕಾದಾಗ ಅದು ಯಾವ ಪಾಲಿನಲ್ಲಿ ಹೋಗಿ ಕೂತಿದೆ ಎಂದು ಗೊತ್ತಾಗುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಸ್ಟುಡಿಯೊಗಳಲ್ಲಿ, ಯಕ್ಷಗಾನ ಆಟದ ಫೋಟೊ ತೆಗೆಯುವ ಹವ್ಯಾಸಿಗಳ ಮನೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬಿದ್ದಿದೆ. ಇವತ್ತಿನ ಮಾತು ಅದರ ಬಗ್ಗೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಿಷಯ ಬೇರೆ ಎಂಬ ಕಾರಣಕ್ಕೆ ಸಂಗ್ರಹ ಒಡೆಯಬೇಡಿ. ಚಿತ್ರದ ಒಡೆಯರು ಬೇರೆಯಾದಾಗ, ಅದನ್ನು ನೋಡಬಹುದಾದವರು ಬೇರೆಯಾದಾಗ ಒಡೆಯಲೇಬೇಕು.

ಇದು ಅರ್ಥವಾಗಬೇಕಾದರೆ ಫೋಟೊ ಜೋಡಿಸಿಡುವ ಸಾಫ್ಟ್‌ವೇರ್ ಒಳಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅಡೋಬಿ ಕಂಪನಿಯ ಲೈಟ್‌ರೂಮ್ ಕ್ಲಾಸಿಕ್ ಇದನ್ನು ಕ್ಯಾಟಲಾಗ್ ಎನ್ನುತ್ತದೆ, ಆಪಲ್ ಕಂಪ್ಯೂಟರಿನ ಫೋಟೋಸ್ ಲೈಬ್ರರಿ ಎನ್ನುತ್ತದೆ, ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದಾದ ಡಿಜಿಕ್ಯಾಮ್ ಡೇಟಾಬೇಸ್ ಎನ್ನುತ್ತದೆ. ಹೆಸರು ಏನೇ ಇರಲಿ, ಅದು ನಮ್ಮ ಪಹಣಿ ಇದ್ದ ಹಾಗೆ. ಪಹಣಿಯಲ್ಲಿ ಸರ್ವೆ ನಂಬರು ಇದೆ, ಹಿಡುವಳಿದಾರರ ಹೆಸರಿದೆ, ಬೆಳೆ ಏನು ಎಂಬುದಿದೆ. ಗದ್ದೆ ಮಾತ್ರ ಗದ್ದೆಯ ಜಾಗದಲ್ಲೇ ಇದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲೂ ಡಿಜಿಕ್ಯಾಮ್‌ನಲ್ಲೂ ಹೀಗೆಯೇ: ಫೋಟೊ ನಿಮ್ಮ ಫೋಲ್ಡರಿನಲ್ಲಿ ಇರುತ್ತದೆ, ಅದು ಎಲ್ಲಿದೆ, ಯಾವಾಗ ತೆಗೆದದ್ದು, ನೀವು ಏನೇನು ಗುರುತು ಹಾಕಿದ್ದೀರಿ ಎಂಬ ವಿವರ ಮಾತ್ರ ಕ್ಯಾಟಲಾಗಿನಲ್ಲಿ ಇರುತ್ತದೆ. ಆಪಲ್ ಫೋಟೋಸ್ ಸಾಮಾನ್ಯವಾಗಿ ಫೋಟೊಗಳನ್ನೂ ತನ್ನ ಲೈಬ್ರರಿಯೊಳಕ್ಕೇ ಎಳೆದುಕೊಂಡು ಇಟ್ಟುಕೊಳ್ಳುತ್ತದೆ.

ಈ ವ್ಯತ್ಯಾಸ ಗೊತ್ತಿಲ್ಲದೆ ಬಹಳ ಜನ ತೊಂದರೆಗೆ ಸಿಕ್ಕಿದ್ದಾರೆ. ಡಿಸ್ಕ್ ತುಂಬಿತು ಅಂತ ಸಾಫ್ಟ್‌ವೇರಿನ ಹೊರಗೆ, ವಿಂಡೋಸ್‌ನಲ್ಲಿ ಒಂದು ಫೋಲ್ಡರನ್ನು ಎತ್ತಿ ಬೇರೆ ಡಿಸ್ಕಿಗೆ ಹಾಕುತ್ತಾರೆ. ಮರುದಿನ ಲೈಟ್‌ರೂಮ್ ತೆರೆದರೆ ಆ ಫೋಲ್ಡರಿನ ಹೆಸರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಫೋಟೊ ಹೋಯಿತು ಅಂತ ಎದೆ ಒಡೆದುಕೊಳ್ಳುವುದು ಬೇಡ. ಆ ಫೋಲ್ಡರಿನ ಮೇಲೆ ಬಲ ಗುಂಡಿ ಒತ್ತಿ, ಹೊಸ ಜಾಗ ತೋರಿಸಿದರೆ ಎಲ್ಲ ಮೊದಲಿನಂತಾಗುತ್ತದೆ. ಫೋಲ್ಡರ್ ಸರಿಸುವ ಕೆಲಸವನ್ನು ಸಾಫ್ಟ್‌ವೇರಿನ ಒಳಗಿನಿಂದಲೇ ಮಾಡಿದರೆ ಈ ತಾಪತ್ರಯವೇ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಈ ಮೂರೂ ಸಾಫ್ಟ್‌ವೇರುಗಳು ಒಂದು ಹೊತ್ತಿಗೆ ಒಂದೇ ಲೈಬ್ರರಿಯನ್ನು ತೆರೆಯುತ್ತವೆ. ಎಷ್ಟು ಲೈಬ್ರರಿ ಬೇಕಾದರೂ ಮಾಡಿಕೊಳ್ಳಿ, ಹುಡುಕಾಟ ಮಾತ್ರ ತೆರೆದಿರುವ ಒಂದರೊಳಗೇ. ಹಾಗಾಗಿ ಸಂಗ್ರಹವನ್ನು ಎರಡು ಮಾಡಿದಿರಿ ಎಂದರೆ ಈ ಎರಡನ್ನೂ ಇನ್ನು ಒಟ್ಟಿಗೆ ಹುಡುಕುವುದಿಲ್ಲ ಎಂದು ತೀರ್ಮಾನಿಸಿದ ಹಾಗಾಯಿತು.

ಈಗ ಯಕ್ಷಗಾನಕ್ಕೆ ಬರೋಣ. ನಮ್ಮ ಸೀಮೆಯಲ್ಲಿ ಆಟದ ಫೋಟೊ ಇಲ್ಲದ ಸಂಗ್ರಹ ಕಡಿಮೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನೇ ತೆಗೆದುಕೊಳ್ಳಿ. ಅವರ ನಂತರ ಮಗ ಶಂಭು ಹೆಗಡೆಯವರು, ಅವರ ನಂತರ ಮೊಮ್ಮಗ ಶಿವಾನಂದ ಹೆಗಡೆಯವರು ಅದನ್ನು ನಡೆಸಿಕೊಂಡು ಬಂದರು. ಅಜ್ಜನ ಕಾಲದ್ದು ಕಪ್ಪು-ಬಿಳುಪು ಪ್ರಿಂಟು, ಮಗನ ಕಾಲದ್ದು ಕಲರ್ ನೆಗೆಟಿವ್, ಮೊಮ್ಮಗನ ಕಾಲದ್ದು ಡಿಜಿಟಲ್. ಮೂರು ಬಗೆ ಅಂತ ಮೂರು ಲೈಬ್ರರಿ ಮಾಡಿದವರು ಏನು ಕಳೆದುಕೊಳ್ಳುತ್ತಾರೆ ನೋಡಿ. ಒಂದೇ ಮನೆತನದ ಮೂರು ತಲೆಮಾರಿನಲ್ಲಿ ವೇಷ ಹೇಗೆ ಬದಲಾಯಿತು, ಕಿರೀಟ ಕಟ್ಟುವ ಕ್ರಮ ಹೇಗಿತ್ತು, ಬಣ್ಣಗಾರಿಕೆ ಹೇಗಿತ್ತು ಎಂದು ಸಾಲಾಗಿ ಇಟ್ಟು ನೋಡುವ ಅವಕಾಶವೇ ತಪ್ಪಿಹೋಗುತ್ತದೆ. ಒಂದೇ ಲೈಬ್ರರಿಯಲ್ಲಿದ್ದರೆ ‘ಕೌರವ’ ಎಂದು ಟೈಪು ಮಾಡಿದ ಕ್ಷಣಕ್ಕೆ ಎಲ್ಲ ಕಾಲದ ಕೌರವರೂ ಒಟ್ಟಿಗೆ ಬಂದು ನಿಲ್ಲುತ್ತಾರೆ.

ಮೇಳಕ್ಕೊಂದು ಲೈಬ್ರರಿ ಮಾಡುವವರೂ ಇದ್ದಾರೆ. ಅದೂ ಬೇಡ. ಕಲಾವಿದರು ಮೇಳದಿಂದ ಮೇಳಕ್ಕೆ ಹೋಗುತ್ತಾರೆ. 2012ರಲ್ಲಿ ಪದ್ಮಶ್ರೀ ಪಡೆದ, 2017ರಲ್ಲಿ ನಮ್ಮನ್ನು ಅಗಲಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕುಣಿದ ಮೇಳಗಳು ಒಂದೆರಡಲ್ಲ. ಅವರ ಕೀಚಕ, ಅವರ ಭಸ್ಮಾಸುರ, ಅವರ ದುಷ್ಟಬುದ್ಧಿ ಮೇಳದ ಲೆಕ್ಕದಲ್ಲಿ ಚದುರಿದರೆ ಮತ್ತೆ ಕೂಡಿಸುವವರು ಯಾರು? ಮೇಳ, ಪ್ರಸಂಗ, ಪಾತ್ರ, ಕಲಾವಿದ, ಭಾಗವತರು, ಸ್ಥಳ ಇವೆಲ್ಲ ಚಿತ್ರಕ್ಕೆ ಹಚ್ಚುವ ಗುರುತುಗಳಾಗಬೇಕು. ಒಂದು ಚಿತ್ರಕ್ಕೆ ಎಷ್ಟು ಗುರುತು ಬೇಕಾದರೂ ಹಚ್ಚಬಹುದು, ಆದರೆ ಅದನ್ನು ಇಡುವ ಜಾಗ ಒಂದೇ. ಪಾತ್ರದ ಹೆಸರು ಮತ್ತು ಕಲಾವಿದರ ಹೆಸರು ಎರಡನ್ನೂ ಬರೆಯಲೇಬೇಕು. ಈಗಿನ ಸಾಫ್ಟ್‌ವೇರುಗಳು ಮುಖ ನೋಡಿ ಗುರುತು ಹಿಡಿಯುತ್ತವೆ, ನಿಜ. ಕೇದಿಗೆ ಮುಂದಲೆ ಕಟ್ಟಿ, ಬಣ್ಣ ಬರೆದು, ಮೀಸೆ ಇಟ್ಟ ಮುಖದ ಮುಂದೆ ಅವುಗಳನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಅಲ್ಲಿ ಹಳೆಯ ಪ್ರೇಕ್ಷಕರ ನೆನಪೇ ಬೇಕು. ನೆನಪಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಚಿತ್ರ ತೋರಿಸುತ್ತ, ಅವರು ಹೇಳಿದ ಹೆಸರನ್ನು ಆಗಲೇ ಟೈಪು ಮಾಡಬೇಕು.

ಆಟದ ಫೋಟೊಗಳಲ್ಲಿ ದಿನಾಂಕದ ತೊಡಕೊಂದಿದೆ. ಇಡೀ ರಾತ್ರಿಯ ಬಯಲಾಟ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಕ್ಯಾಮೆರಾಕ್ಕೆ ನಡುರಾತ್ರಿ 12 ಆಯಿತೆಂದರೆ ಮರುದಿನ. ಹೀಗಾಗಿ ದಿನಾಂಕದ ಪ್ರಕಾರ ತಾನೇ ಫೋಲ್ಡರ್ ಮಾಡುವ ಸಾಫ್ಟ್‌ವೇರ್ ಒಂದೇ ಆಟವನ್ನು ಎರಡು ದಿನಕ್ಕೆ ಸೀಳಿ ಇಡುತ್ತದೆ. ಪೂರ್ವರಂಗ, ಒಡ್ಡೋಲಗ ಒಂದು ಫೋಲ್ಡರಿನಲ್ಲಿ. ಯುದ್ಧ, ಮಂಗಳ ಇನ್ನೊಂದರಲ್ಲಿ. ಆಟ ಶುರುವಾದ ದಿನದ ತಾರೀಕನ್ನೇ ಫೋಲ್ಡರಿನ ಹೆಸರಾಗಿ ಇಟ್ಟು ಬೆಳಗಿನವರೆಗಿನ ಎಲ್ಲವನ್ನೂ ಅದರಲ್ಲೇ ಹಾಕಿ. ಚಿತ್ರದ ಒಳಗೆ ಕ್ಯಾಮೆರಾ ಬರೆದ ಸಮಯವನ್ನು ಮಾತ್ರ ಮುಟ್ಟಬೇಡಿ. 2009ರ ಫೆಬ್ರುವರಿಯಲ್ಲಿ ಶಂಭು ಹೆಗಡೆಯವರು ಇಡಗುಂಜಿಯ ಆಟದಲ್ಲಿ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಅಂಥ ರಾತ್ರಿಯ ಚಿತ್ರಗಳಲ್ಲಿ ಗಂಟೆ, ನಿಮಿಷ ಕೂಡ ಚರಿತ್ರೆಯೇ.

ಇಷ್ಟು ಹೇಳಿದ ಮೇಲೆ, ಬೇರೆ ಮಾಡಲೇಬೇಕಾದದ್ದು ಯಾವುದು? ಮದುವೆ ಫೋಟೊಗಳು. ಮದುವೆಗೊಂದು ಲೈಬ್ರರಿ ಮಾಡುವ ಸ್ಟುಡಿಯೊದವರು ನಮ್ಮಲ್ಲಿದ್ದಾರೆ, ಅವರದು ಸರಿಯಾದ ಕ್ರಮ. ಒಂದು ಮನೆಯ ಮದುವೆಯನ್ನೂ ಇನ್ನೊಂದು ಮನೆಯ ಮದುವೆಯನ್ನೂ ಒಟ್ಟಿಗೆ ಹುಡುಕುವ ಪ್ರಸಂಗ ಬರುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಆ ಚಿತ್ರಗಳು ಸ್ಟುಡಿಯೊದವರ ಸ್ವತ್ತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಕರಾರು ಇಲ್ಲದಿದ್ದರೆ. ಸ್ಟುಡಿಯೊದ ಗಾಜಿನ ಕಪಾಟಿನಲ್ಲಿ ವಧುವಿನ ದೊಡ್ಡ ಫೋಟೊ ಹಾಕುವುದು, ಫೇಸ್‌ಬುಕ್ಕಿಗೆ ಏರಿಸುವುದು ನಮ್ಮ ಊರುಗಳಲ್ಲಿ ರೂಢಿಯಾಗಿಬಿಟ್ಟಿದೆ. ಕೇಳಿ ಹಾಕಬೇಕು. ಕೇಳದೆ ಹಾಕುವುದು ಸಲ್ಲ.

ಹೆಂಗಸರ ಕಡೆಯ ಚಿತ್ರಗಳು ಮನೆಯ ಹೊರಗೆ ಹೋಗಬಾರದು ಎಂದು ಹೇಳುವ ಮನೆತನಗಳು ಭಟ್ಕಳದಲ್ಲೂ ಇವೆ, ಉಳಿದ ಕಡೆಯೂ ಇವೆ. ಆ ಮಾತನ್ನು ಪೂರ್ತಿ ಗೌರವಿಸಬೇಕು. ಅಲ್ಲಿ ಬೇರೆ ಲೈಬ್ರರಿ ಮಾಡಿದರೆ ಸಾಲದು ಎಂಬುದನ್ನು ಸ್ಟುಡಿಯೊದವರು ಗಮನಿಸಬೇಕು. ಲೈಬ್ರರಿ ಬೇರೆಯಾದ ಮಾತ್ರಕ್ಕೆ ಬೀಗ ಬೀಳುವುದಿಲ್ಲ. ಫೋಟೊಗಳ ಫೋಲ್ಡರ್ ಆ ಕಂಪ್ಯೂಟರಿನಲ್ಲಿ ಕೂತ ಯಾರಿಗಾದರೂ ತೆರೆದೇ ಇರುತ್ತದೆ. ಪಾಸ್‌ವರ್ಡ್ ಹಾಕಿದ ಬೇರೆ ಡಿಸ್ಕಿನಲ್ಲಿ ಫೋಟೊ ಮತ್ತು ಕ್ಯಾಟಲಾಗ್ ಎರಡನ್ನೂ ಇಡಬೇಕು. ಕ್ಯಾಟಲಾಗ್ ಯಾಕೆ ಎಂದರೆ, ಹುಡುಕಿ ತೋರಿಸುವುದಕ್ಕೆಂದು ಸಾಫ್ಟ್‌ವೇರ್ ಪ್ರತಿ ಫೋಟೊದ ಸಣ್ಣ ಪ್ರತಿಯನ್ನು ಬೇರೆ ಫೈಲಿನಲ್ಲಿ ಮಾಡಿಟ್ಟುಕೊಂಡಿರುತ್ತದೆ. ಮೂಲ ಫೋಟೊ ಅಳಿಸಿದರೂ ಆ ಸಣ್ಣ ಪ್ರತಿಗಳು ಕೆಲಕಾಲ ಉಳಿದಿರಬಹುದು. ಊರಿನ ನೂರು ಮದುವೆಗಳು ಒಂದೇ ಕ್ಯಾಟಲಾಗಿನಲ್ಲಿ ಬೆರೆತಿದ್ದರೆ ಒಂದು ಮನೆಯದನ್ನು ಮಾತ್ರ ಪೂರ್ತಿಯಾಗಿ ತೆಗೆದುಹಾಕಿದ್ದೇನೆ ಎಂದು ಧೈರ್ಯವಾಗಿ ಹೇಳುವುದು ಕಷ್ಟ. ಆ ಮನೆಯದೇ ಬೇರೆ ಲೈಬ್ರರಿ ಆಗಿದ್ದರೆ ಕೆಲಸ ಮುಗಿಸಿ ಡಿಸ್ಕನ್ನೇ ಅವರ ಕೈಗೆ ಕೊಡಬಹುದು, ತಮ್ಮಲ್ಲಿರುವುದನ್ನು ಬುಡಸಮೇತ ಅಳಿಸಬಹುದು. ಈಗಾಗಲೇ ಬೆರೆತುಹೋಗಿದ್ದರೂ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಆರಿಸಿದ ಫೋಟೊಗಳನ್ನಷ್ಟೇ ಬೇರೆ ಕ್ಯಾಟಲಾಗಾಗಿ ಹೊರಗೆ ತೆಗೆಯುವ ಸೌಲಭ್ಯ ಇದೆ. ಗುರುತುಗಳೂ ತಿದ್ದುಪಡಿಗಳೂ ಜೊತೆಯಲ್ಲೇ ಬರುತ್ತವೆ. ಎರಡನ್ನು ಒಂದು ಮಾಡುವುದಕ್ಕೂ ಅದರಲ್ಲಿ ದಾರಿ ಇದೆ. ಆಪಲ್ ಫೋಟೋಸ್‌ನಲ್ಲಿ ಕೂಡಿಸುವುದು ಅಷ್ಟು ಸಲೀಸಲ್ಲ, ಆದ್ದರಿಂದ ಅಲ್ಲಿ ಎರಡು ಮಾಡುವ ಮೊದಲೇ ಯೋಚಿಸಬೇಕು. ಐಕ್ಲೌಡ್‌ಗೆ ಹೋಗುವ ಲೈಬ್ರರಿಯೂ ಅದರಲ್ಲಿ ಒಂದೇ.

ಮದುವೆಯ ಮಾತು ಬಂದಾಗ ಗಲ್ಫಿನ ಗಡಿಯಾರದ ವಿಚಾರ ಹೇಳಲೇಬೇಕು. ಭಟ್ಕಳದ ಎಷ್ಟೋ ಮನೆಗಳಲ್ಲಿ ಅರ್ಧ ಸಂಸಾರ ದುಬೈಯಲ್ಲಿ. ಅಲ್ಲಿಂದ ರಜೆಯಲ್ಲಿ ಬಂದ ಅಣ್ಣನೋ ಬಾವನೋ ಒಳ್ಳೆಯ ಕ್ಯಾಮೆರಾ ತಂದಿರುತ್ತಾರೆ. ಮೊಬೈಲು ಇಲ್ಲಿಗೆ ಬಂದೊಡನೆ ತಾನೇ ಸಮಯ ಬದಲಿಸಿಕೊಳ್ಳುತ್ತದೆ. ಕ್ಯಾಮೆರಾ ದುಬೈ ಸಮಯದಲ್ಲೇ ಉಳಿಯುತ್ತದೆ, ಅಂದರೆ ನಮಗಿಂತ ಒಂದೂವರೆ ಗಂಟೆ ಹಿಂದೆ. ಹನ್ನೊಂದೂವರೆಗೆ ಆದ ನಿಕಾಹ್ ಆ ಕ್ಯಾಮೆರಾದ ಲೆಕ್ಕದಲ್ಲಿ ಹತ್ತು ಗಂಟೆಗೇ ಆಗಿಹೋಗಿರುತ್ತದೆ. ಎಲ್ಲರ ಫೋಟೊಗಳನ್ನೂ ಸೇರಿಸಿ ಜೋಡಿಸಿದರೆ ಮದುಮಗ ಮದುವೆಯ ಹಾಲ್‌ಗೆ ಬರುವ ಮೊದಲೇ ನಿಕಾಹ್, ನೆಂಟರು ಬರುವ ಮೊದಲೇ ಊಟ. ಇದಕ್ಕೆ ಹೆದರಿ ಆ ಕ್ಯಾಮೆರಾದ ಫೋಟೊಗಳನ್ನು ಬೇರೆ ಲೈಬ್ರರಿಗೆ ತಳ್ಳುತ್ತಾರೆ. ಹಾಗೆ ಮಾಡಬಾರದು. ಅದೇ ಮದುವೆಯ ಲೈಬ್ರರಿಯಲ್ಲಿಟ್ಟು, ಕ್ಯಾಮೆರಾದ ಹೆಸರಿನ ಮೇಲೆ ಸೋಸಿ, ಆ ಕ್ಯಾಮೆರಾದ್ದನ್ನಷ್ಟೇ ಆರಿಸಿ ಒಂದೂವರೆ ಗಂಟೆ ಮುಂದಕ್ಕೆ ತಳ್ಳಿದರಾಯಿತು. ಸಮಯ ಸರಿಪಡಿಸುವ ಈ ಸೌಲಭ್ಯ ಲೈಟ್‌ರೂಮಿನಲ್ಲೂ ಇದೆ, ಡಿಜಿಕ್ಯಾಮಿನಲ್ಲೂ ಇದೆ. ನಾನು ಮೇಲೆ ಸಮಯ ಮುಟ್ಟಬೇಡಿ ಎಂದದ್ದು ಸರಿಯಿದ್ದ ಗಡಿಯಾರಕ್ಕೆ, ತಪ್ಪಿದ್ದನ್ನು ತಿದ್ದಲೇಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊಗಳಿಗೆ ಈ ಉಪಾಯ ನಡೆಯುವುದಿಲ್ಲ. ಅದು ಫೋಟೊವನ್ನು ಕುಗ್ಗಿಸುವುದರ ಜೊತೆಗೆ ಒಳಗಿನ ದಿನಾಂಕ, ಕ್ಯಾಮೆರಾದ ವಿವರ ಎಲ್ಲವನ್ನೂ ತೆಗೆದುಬಿಡುತ್ತದೆ. ದುಬೈಯಿಂದ ಫೋಟೊ ಕಳಿಸುವವರಿಗೆ ಒಂದು ಮಾತು ಹೇಳಿ: ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಫೈಲು ಇದ್ದ ಹಾಗೇ ಬರುತ್ತದೆ.

ಕೆಲವು ಚಿತ್ರಗಳಲ್ಲಿ ಇದಕ್ಕೆ ತದ್ವಿರುದ್ಧ, ಒಳಗಿನ ವಿವರವನ್ನೇ ಮುಚ್ಚಿಡಬೇಕಾಗುತ್ತದೆ. ಕುಮಟಾದ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಹಕ್ಕಿ, ಬಳಚು, ಕಾಂಡ್ಲಾ ಗಿಡಗಳ ಫೋಟೊ ತೆಗೆಯುವ ಹುಡುಗರ ಉತ್ಸಾಹ ಕಂಡು ನನಗೆ ಬಹಳ ಸಂತೋಷ. ನಮ್ಮ ಕರಾವಳಿಯ ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಮೊಬೈಲಿನಲ್ಲಿ ಆ ಗೂಡಿನ ಫೋಟೊ ತೆಗೆದರೆ ಮರ ಇರುವ ಜಾಗದ ಅಕ್ಷಾಂಶ, ರೇಖಾಂಶವೂ ಫೋಟೊದೊಳಗೆ ಕೂತಿರುತ್ತದೆ. ನಿಮ್ಮ ಲೈಬ್ರರಿಯಲ್ಲಿ ಅದು ಇರಲಿ, ಮುಂದೆ ಅಧ್ಯಯನ ಮಾಡುವವರಿಗೆ ಬೇಕು. ಹೊರಗೆ ಕೊಡುವ ಪ್ರತಿಯಲ್ಲಿ ಇರಬಾರದು. ಪ್ರತಿ ತೆಗೆಯುವಾಗ ಸ್ಥಳದ ವಿವರ ಬಿಡು ಎಂದು ಒಂದು ಗುರುತು ಒತ್ತಿದರೆ ಸಾಕು. ಇದಕ್ಕಾಗಿ ಎರಡನೆಯ ಲೈಬ್ರರಿ ಬೇಕಿಲ್ಲ.

ಭಾಷೆಯ ಬಗ್ಗೆ ಒಂದಿಷ್ಟು. ಗುರುತುಗಳನ್ನು ಕನ್ನಡದಲ್ಲೇ ಬರೆಯಿರಿ, ಯೂನಿಕೋಡಿನಲ್ಲಿ ಬರೆಯಿರಿ. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಶೀರ್ಷಿಕೆಗಳನ್ನು ಈಗಿನ ಸಾಫ್ಟ್‌ವೇರಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಂಡೇ ಸೇರಿಸಬೇಕು. ಊರಿನ ಹೆಸರು ಒಂದೇ ರೀತಿ ಇರಲಿ. ಕುಮಟಾ, ಕುಮಟೆ, ಕುಮ್ಟಾ ಎಂದು ಮೂರು ಗುರುತು ಮಾಡಿದರೆ ಒಂದೇ ಲೈಬ್ರರಿಯೊಳಗೆ ಮೂರು ಊರು ಹುಟ್ಟಿಕೊಂಡಂತೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದು ಗುರುತಿಗೆ ಪರ್ಯಾಯ ಪದಗಳನ್ನೂ ಸೇರಿಸಬಹುದು. ಉಳಿದವುಗಳಲ್ಲಿ ಒಂದನ್ನು ನಿರ್ಧರಿಸಿ ಅದಕ್ಕೇ ಅಂಟಿಕೊಳ್ಳಿ.

ಮತ್ತೆ, ಗುರುತುಗಳು ಕ್ಯಾಟಲಾಗಿನಲ್ಲಿ ಮಾತ್ರ ಉಳಿಯುವಂತೆ ಬಿಡಬೇಡಿ. ಸಾಫ್ಟ್‌ವೇರ್ ಶಾಶ್ವತವಲ್ಲ. ಗೂಗಲ್ಲಿನ ಪಿಕಾಸಾ ನಮ್ಮ ಕಡೆ ಎಷ್ಟು ಜನ ಬಳಸುತ್ತಿದ್ದರು! 2016ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಲೈಟ್‌ರೂಮ್, ಡಿಜಿಕ್ಯಾಮ್ ಎರಡರಲ್ಲೂ ಗುರುತುಗಳನ್ನು ಫೋಟೊ ಫೈಲಿನೊಳಕ್ಕೇ, ಇಲ್ಲವೇ ಅದರ ಪಕ್ಕದ ಎಕ್ಸ್‌ಎಂಪಿ ಫೈಲಿಗೆ ಬರೆಯುವ ಆಯ್ಕೆ ಇದೆ. ಅದನ್ನು ಚಾಲೂ ಮಾಡಿಡಿ. ನಾಳೆ ಸಾಫ್ಟ್‌ವೇರ್ ಬದಲಾದರೂ ಚಿಟ್ಟಾಣಿಯವರ ಹೆಸರು ಚಿತ್ರದ ಜೊತೆಯಲ್ಲೇ ಹೋಗುತ್ತದೆ.

ಸ್ಕ್ಯಾನ್ ಮಾಡಿದ ಹಳೆಯ ಫೋಟೊಗಳ ಬಗ್ಗೆ ನನಗೆ ಹೆಚ್ಚಿನ ಕಾಳಜಿ. ಅಜ್ಜಿಯ ಮದುವೆ ಫೋಟೊವನ್ನು ಹೋದ ವರ್ಷ ಸ್ಕ್ಯಾನ್ ಮಾಡಿದರೆ ಸಾಫ್ಟ್‌ವೇರಿನ ಕಣ್ಣಿಗೆ ಅದು ಹೋದ ವರ್ಷದ ಫೋಟೊ. ಅದರ ಕಾಲವನ್ನು ನಾವೇ ಗೊತ್ತುಮಾಡಿ ಬರೆಯಬೇಕು, ಜೊತೆಗೆ ‘ಅಂದಾಜು’ ಎಂಬ ಗುರುತು ಹಾಕಬೇಕು. ಹಿನ್ನೆಲೆ ನೋಡಿ. ಮುರ್ಡೇಶ್ವರದ ರಾಜಗೋಪುರ ಪೂರ್ತಿಯಾಗಿ ಕಂಡರೆ ಅದು 2008ರ ಆಸುಪಾಸು ಅಥವಾ ಆಮೇಲಿನದು. ಶರಾವತಿಯ ಮೇಲೆ ರೈಲು ಓಡುತ್ತಿದ್ದರೆ 1998ಕ್ಕೆ ಸ್ವಲ್ಪ ಹಿಂದಿನಿಂದ ಈಚಿನದು. ಹೆದ್ದಾರಿಯ ಎರಡೂ ಬದಿ ಮರಗಳು ಕೈ ಕೂಡಿಸಿ ನಿಂತಿದ್ದರೆ ಚತುಷ್ಪಥದ ಕೆಲಸಕ್ಕೆ ಮೊದಲಿನದು. ಹೊನ್ನಾವರದ ಕಾಸರಕೋಡ ಕಡಲತೀರದಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆಯ ನೀಲಿ ಬಾವುಟ ಹಾರುತ್ತಿದ್ದರೆ 2020ರ ನಂತರದ್ದು.

ಸ್ಕ್ಯಾನ್ ಮಾಡಿದ್ದನ್ನು ಯಾವ ಲೈಬ್ರರಿಗೆ ಹಾಕುವುದು ಎಂದರೆ ಮತ್ತೆ ಒಡೆತನವೇ ಅಳತೆ. ನಿಮ್ಮ ಮನೆಯ ಆಲ್ಬಮ್ಮಿನದು ಮನೆಯ ಲೈಬ್ರರಿಗೆ. ನೆರೆಮನೆಯವರು ಸ್ಕ್ಯಾನ್ ಮಾಡಿಕೊಡಿ ಎಂದು ಕೊಟ್ಟದ್ದು ಅವರದೇ ಬೇರೆ ಲೈಬ್ರರಿಗೆ, ಕೆಲಸ ಮುಗಿದ ಮೇಲೆ ಅದು ಅವರ ಮನೆಗೆ.

ಪ್ರತಿಗಳ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಛಾಯಾಗ್ರಾಹಕ ಪೀಟರ್ ಕ್ರೋ ಬಳಕೆಗೆ ತಂದ ಸೂತ್ರ ಇದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿಯ ನಮ್ಮ ಊರುಗಳಿಗೆ ಇದು ಹೇಳಿಮಾಡಿಸಿದ್ದು. ಪ್ರತಿ ಮಾಡುವಾಗ ಫೋಟೊ ಫೋಲ್ಡರಿನ ಜೊತೆ ಕ್ಯಾಟಲಾಗ್ ಫೈಲನ್ನೂ ಮರೆಯದೆ ಸೇರಿಸಿ.

ಕೊನೆಯದಾಗಿ ಹಳೆಯ ಸ್ಟುಡಿಯೊಗಳ ಯಜಮಾನರಲ್ಲಿ, ಅವರ ಮಕ್ಕಳಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ ನೆಗೆಟಿವ್ ತುಂಬಿದ ಕಾಗದದ ಲಕೋಟೆಗಳಿರಬಹುದು. ಪ್ರತಿ ಲಕೋಟೆಯ ಮೇಲೆ ಒಂದು ನಂಬರು, ಆ ನಂಬರಿನ ಎದುರು ಗಿರಾಕಿಯ ಹೆಸರು, ತಾರೀಕು ಬರೆದ ಉದ್ದನೆಯ ರಿಜಿಸ್ಟರು. ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಿಧಾನವಾಗಿ ಆಗಲಿ. ರಿಜಿಸ್ಟರನ್ನು ರದ್ದಿಗೆ ಹಾಕಬೇಡಿ. ಅದರ ಪುಟಗಳನ್ನು ಮೊದಲು, ಮೊಬೈಲಿನಲ್ಲಾದರೂ ಸರಿ, ಒಂದೊಂದಾಗಿ ತೆಗೆದಿಡಿ. ಆಮೇಲೆ ಸ್ಕ್ಯಾನ್ ಮಾಡುವಾಗ ಫೈಲಿಗೆ ಬೇರೆ ಹೆಸರು ಕಟ್ಟುವುದು ಬೇಡ, ಲಕೋಟೆಯ ನಂಬರನ್ನೇ ಇಡಿ. ಯಾವ ಚಿತ್ರ ಯಾವ ಮನೆಯದು, ಯಾರ ಕೈ ಸೇರಬೇಕು ಎಂಬುದು ಆ ರಿಜಿಸ್ಟರಿನ ಸಾಲುಗಳಲ್ಲಿ ಮಾತ್ರ ಬರೆದಿದೆ.